ಹಾಲುಮನೆ ಹಾಳುಮನೆ ಆಗಬಾರದು ಅಂದ್ರೆ

ಸಾಗರದ ಹತ್ತಿರ ಇರುವ ನಮ್ಮ ಚಿಕ್ಕಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುತ್ತಾಳೆ. ಮನೆಗೆ ಅಂತ ಶುರುವಾದದ್ದು. ಆಮೇಲೆ ನೆಂಟರಿಗೆ, ನೆಂಟರ ಆಫೀಸಿನವರಿಗೆ, ಈಗ ಅಕ್ಕಪಕ್ಕದ ಮೂರು ಹೆಂಗಸರನ್ನು ಸೇರಿಸಿಕೊಂಡು ವರ್ಷಕ್ಕೆ 400-500 ಬಾಟಲಿ ಹೋಗುತ್ತದೆ. ಆರ್ಡರ್ ಎಲ್ಲಾ ವಾಟ್ಸಾಪಿನಲ್ಲೇ. ಹೋದ ದೀಪಾವಳಿಗೆ ಊರಿಗೆ ಹೋದಾಗ ಕೈಗೆ ಕಾಫಿ ಲೋಟ ಕೊಟ್ಟು, "ನೀ ಕಂಪ್ಯೂಟರ್ ಕೆಲಸದವಳಲ್ವನೇ, ನಂಗೊಂದು ವೆಬ್‌ಸೈಟ್ ಮಾಡಿಕೊಡು" ಅಂದಳು. ಅದೇನು ದೊಡ್ಡ ವಿಷಯ, ಎರಡು ಭಾನುವಾರದ ಕೆಲಸ ಅಂದುಕೊಂಡೆ. ಸೈಟ್ ಎರಡು ಭಾನುವಾರದಲ್ಲಿ ಆಯಿತು ಕೂಡ. ಅದಕ್ಕೆ ಹೆಸರು ಆರಿಸಲು ಮೂರು ತಿಂಗಳು ಹಿಡಿಯಿತು.

ಮೂರು ತಿಂಗಳು ಅಂದರೆ ನಗಬೇಡಿ. ನಾನೂ ಮೊದಲು ಐದು ನಿಮಿಷದಲ್ಲಿ ಒಂದು ಹೆಸರು ಹೊಸೆದಿದ್ದೆ. ಮಲೆನಾಡು, ಅಪ್ಪೆಮಿಡಿ, ಉಪ್ಪಿನಕಾಯಿ. ಮೂರನ್ನೂ ಸಾಲಾಗಿ ಜೋಡಿಸಿ ಕೊನೆಗೊಂದು ಡಾಟ್ ಕಾಂ. ಎಲ್ಲಿಯದು, ಏನು, ಎಂಥದು, ಎಲ್ಲಾ ಅದರಲ್ಲೇ ಬಂತಲ್ಲ ಅಂತ ಹೆಮ್ಮೆ ಬೇರೆ. ಇಂಗ್ಲಿಷಿನಲ್ಲಿ ಬರೆದರೆ 26 ಅಕ್ಷರ. ನಿಯಮದ ಪ್ರಕಾರ ಡಾಟ್‌ಗೆ ಮೊದಲಿನ ಭಾಗ 63 ಅಕ್ಷರದ ತನಕ ಇರಬಹುದು, ಹಾಗಾಗಿ ಕಂಪ್ಯೂಟರಿಗೇನೂ ತಕರಾರಿಲ್ಲ. ತಕರಾರು ಬಂದದ್ದು ಶಿರಸಿಯ ದೊಡ್ಡಮ್ಮನಿಂದ.

ಚಿಕ್ಕಿ ಫೋನಿನಲ್ಲಿ ಅವಳಿಗೆ ಹೆಸರು ಹೇಳಿದಳು. ನಾನು ಪಕ್ಕದಲ್ಲೇ ಕೂತಿದ್ದೆ. ನಮ್ಮೂರಲ್ಲಿ ಸಿಗ್ನಲ್ ಅಂದರೆ ಅಂಗಳದ ತುದಿಯ ಬಾವಿಕಟ್ಟೆ ಹತ್ತಿರ ಒಂದೂವರೆ ಗೆರೆ ಬರುತ್ತದೆ, ಅಷ್ಟೇ. ದೊಡ್ಡಮ್ಮ ಆ ಕಡೆಯಿಂದ ಕೇಳುತ್ತಿದ್ದಾಳೆ: ಮಲ್ನಾಡು ಅಂತಲೋ ಮಲೆನಾಡು ಅಂತಲೋ? ಅಪ್ಪೆಗೆ ಎಷ್ಟು ಪಿ? ಕಾಯಿಗೆ ವೈ ಹಾಕಬೇಕಾ? ಚಿಕ್ಕಿ ಒಂದೊಂದೇ ಅಕ್ಷರ ಕೂಗುತ್ತಿದ್ದಾಳೆ, ಪಿ ಅಂದರೆ ಆ ಕಡೆ ಬಿ ಅಂತ ಕೇಳುತ್ತದೆ, ಡಿ ಅಂದರೆ ಟಿ ಅಂತ ಕೇಳುತ್ತದೆ. ಆರು ನಿಮಿಷ ಆದಮೇಲೆ ಚಿಕ್ಕಿ ಫೋನ್ ಇಟ್ಟು ನನ್ನ ಕಡೆ ನೋಡಿ, "ಎಂತಾ ಹೆಸರು ಮಾರಾಯ್ತಿ ಇದು, ಉಪ್ಪಿನಕಾಯಿ ಹಾಕೋದೇ ಸುಲಭ" ಅಂದಳು.

ಅಲ್ಲಿಗೆ ನನಗೆ ಹೊಳೆಯಿತು. ನಾವು ಡೊಮೈನ್ ಹೆಸರನ್ನು, ಅಂದರೆ ಸೈಟಿನ ವಿಳಾಸವನ್ನು, ಕಣ್ಣಿನಿಂದ ಆರಿಸುತ್ತೇವೆ. ಪರದೆಯ ಮೇಲೆ ಟೈಪ್ ಮಾಡಿ, ಚಂದ ಕಾಣುತ್ತದಾ ಅಂತ ನೋಡಿ, ಕಾರ್ಡು ತೆಗೆದು ದುಡ್ಡು ಕಟ್ಟಿಬಿಡುತ್ತೇವೆ. ಆದರೆ ಚಿಕ್ಕಿಯಂಥವರ ವ್ಯಾಪಾರದಲ್ಲಿ ಆ ಹೆಸರು ಓಡಾಡುವುದು ಬಾಯಿಂದ ಕಿವಿಗೆ. ಮದುವೆಮನೆಯ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ. ಕೇಳಿಸಿಕೊಂಡವರು ಮನೆಗೆ ಹೋಗಿ ನೆನಪಿನಿಂದ ಟೈಪ್ ಮಾಡಬೇಕು. ಅದೂ ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ.

ಕಷ್ಟ ಇರುವುದೇ ಇಲ್ಲಿ. ಕನ್ನಡಕ್ಕೆ ಐವತ್ತರ ಹತ್ತಿರ ಅಕ್ಷರ ಇವೆ, ಡೊಮೈನ್‌ಗೆ ಇರುವುದು ಎ ಇಂದ ಝಡ್ ತನಕ 26, ಹತ್ತು ಅಂಕಿ, ಒಂದು ಅಡ್ಡಗೆರೆ. ಸುಮ್ನೆ ಒಂದು ಪರೀಕ್ಷೆ ಮಾಡೋಣ ಅಂತ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕಿದೆ. "ಅಪ್ಪೆಮಿಡಿ ಉಪ್ಪಿನಕಾಯಿ" ಅಂತ ಹೇಳಿ, ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿ ಅಂದೆ. 11 ಜನ ಕಳಿಸಿದರು. 8 ಥರ ಬಂತು. ಕಾಯಿ ಅನ್ನೋದು ಒಬ್ಬರಿಗೆ ಕೆ ಎ ಐ, ಇನ್ನೊಬ್ಬರಿಗೆ ಕೆ ಎ ವೈ ಐ, ಮತ್ತೊಬ್ಬರಿಗೆ ಮಧ್ಯೆ ಎರಡು ಎ. ಭಾವ ಒಬ್ಬ ಕೊನೆಗೆ ಇ ಹಾಕಿದ್ದ, ಯಾಕೆ ಅಂತ ಅವನಿಗೂ ಗೊತ್ತಿಲ್ಲ. ಇವರೆಲ್ಲ ಒಂದೇ ಮನೆಯವರು, ಒಂದೇ ಕನ್ನಡದವರು. ಹೊರಗಿನವರ ಪಾಡು ಏನಿರಬೇಕು.

ಇದು ಒಂದು ಹೆಸರಿಗೆ ಹತ್ತು ಸ್ಪೆಲಿಂಗ್ ಆಗುವ ಕಷ್ಟ. ಇದರ ಉಲ್ಟಾ ಇನ್ನೂ ಮಜಾ ಇದೆ, ಒಂದು ಸ್ಪೆಲಿಂಗಿಗೆ ನಾಲ್ಕು ಅರ್ಥ.

ಮೈಸೂರಿನಲ್ಲಿ ನನ್ನ ಗೆಳೆಯನೊಬ್ಬ ಮನೆಮನೆಗೆ ಹಾಲು ಹಾಕುವ ವ್ಯಾಪಾರ ಶುರು ಮಾಡಿದ್ದ. ಹೆಸರು ಹಾಲುಮನೆ. ಕನ್ನಡದಲ್ಲಿ ಎಷ್ಟು ಚಂದ ಅಲ್ವಾ? ಡೊಮೈನ್ ತಗೊಂಡ, ಗಾಡಿಯ ಮೇಲೆ ದೊಡ್ಡದಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರೆಸಿದ. ಮೊದಲ ವಾರವೇ ಯಾರೋ ಹಿರಿಯರು ಗಾಡಿ ನಿಲ್ಲಿಸಿ, "ಏನಪ್ಪಾ, ಹಾಳುಮನೆ ಅಂತ ಯಾರಾದ್ರೂ ಹೆಸರಿಡ್ತಾರಾ?" ಅಂತ ಕೇಳಿದರಂತೆ. ಎಲ್ ಅನ್ನೋ ಒಂದೇ ಅಕ್ಷರ ಲ ಕೂಡ ಹೌದು, ಳ ಕೂಡ ಹೌದು. ಹಾಲೂ ಅದೇ, ಹಾಳೂ ಅದೇ. ಅವನಿಗೆ ಅವತ್ತಿನ ತನಕ ಹೊಳೆದೇ ಇರಲಿಲ್ಲ, ಯಾಕೆಂದರೆ ಅವನು ಅದನ್ನು ಓದುತ್ತಿರಲಿಲ್ಲ, ಅವನಿಗೆ ಅರ್ಥ ಮೊದಲೇ ಗೊತ್ತಿತ್ತಲ್ಲ.

ಅವತ್ತಿನಿಂದ ನಾನು ಇಂಥ ಪದ ಕೂಡಿಹಾಕುತ್ತಾ ಬಂದಿದ್ದೇನೆ. ಬಿ ಇ ಎಲ್ ಇ ಅಂತ ಬರೆಯಿರಿ. ಬೆಲೆಯಾ, ಬೆಳೆಯಾ, ಬೇಳೆಯಾ? ರೈತರಿಗೆ ಬೆಳೆಗೆ ಬೆಲೆ ಸಿಗಬೇಕು ಅನ್ನೋ ಸೈಟಿಗೆ ಇದನ್ನಿಟ್ಟರೆ ಬೇಳೆ ಮಾರುವವರು ಅಂದುಕೊಂಡು ಬರುತ್ತಾರೆ. ಬಿ ಎ ಎಲ್ ಇ ಬರೆದರೆ ಬಳೆ, ಬಾಳೆ, ಬಲೆ ಮೂರೂ ಆಯಿತು. ಜೇನು ಮಾರುವವರು ಜೇನುಹನಿ ಅಂತ ಇಟ್ಟರೆ ಓದುವವರು ಜೇನುಹಾನಿ ಅಂತಲೂ ಓದಬಹುದು. ಎಚ್ ಓ ಎಲ್ ಇ ನಮಗೆ ಹೊಳೆ, ಇಂಗ್ಲಿಷಿನವರಿಗೆ ತೂತು. ಮಳೆ ಬರೆದರೆ ಅವರಿಗೆ ಗಂಡು. ದೋಸೆ ಬರೆದರೆ ಔಷಧಿಯ ಡೋಸು. ಇಂಗ್ಲಿಷಿನಲ್ಲಿ ಹುಡುಕಿದರೆ ಏನೇನೋ ಬರುತ್ತದೆ, ನಮ್ಮ ದೋಸೆ ಹೋಟೆಲು ಎಲ್ಲೋ ಕೆಳಗೆ ಬಿದ್ದಿರುತ್ತದೆ.

ನೀವು ಬರಹ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವವರಾದರೆ, ದೊಡ್ಡ ಎಲ್ ಹೊಡೆದರೆ ಳ ಬರುತ್ತದೆ, ದೊಡ್ಡ ಎನ್ ಹೊಡೆದರೆ ಣ ಬರುತ್ತದೆ, ಹಾಗೇ ಇಲ್ಲೂ ಮಾಡಬಹುದಲ್ಲ ಅನ್ನಿಸಬಹುದು. ಆಗುವುದಿಲ್ಲ. ಡೊಮೈನ್‌ನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ. ಗಾಡಿಯ ಮೇಲೆ ಬೇಕಾದರೆ ದೊಡ್ಡಕ್ಷರ ಬರೆಸಿಕೊಳ್ಳಿ, ಬ್ರೌಸರ್ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಹಾಗಾದರೆ ಪ್ರಜಾವಾಣಿಯ ವಿಳಾಸ ಎಲ್ಲರೂ ಸರಿಯಾಗಿ ಹೊಡೆಯುತ್ತಾರಲ್ಲ ಅಂತ ನನ್ನ ತಮ್ಮ ವಾದಕ್ಕೆ ನಿಂತ. ಅದರಲ್ಲಿ ಎರಡು ದೀರ್ಘ ಇದೆ, ಒಂದು ಣ ಇದೆ, ಕೊನೆಗೆ ಡಾಟ್ ಕಾಂ ಕೂಡ ಅಲ್ಲ, ಡಾಟ್ ನೆಟ್. ನಿಜ. ಆದರೆ ಪ್ರಜಾವಾಣಿ 1948ರಿಂದ ಬರುತ್ತಿರುವ ಪತ್ರಿಕೆ. ವೆಬ್‌ಸೈಟ್ ಬರುವ ಹೊತ್ತಿಗೆ ಅಜ್ಜ, ಅಪ್ಪ, ಮೊಮ್ಮಗ ಎಲ್ಲರಿಗೂ ಆ ಹೆಸರು ಗೊತ್ತಿತ್ತು. ಮೊದಲೇ ಹೆಸರಾದವರು ಹೇಗೆ ಬರೆದರೂ ನಡೆಯುತ್ತದೆ, ಜನ ಕಲಿತುಕೊಳ್ಳುತ್ತಾರೆ. ಚಿಕ್ಕಿಯ ಹೆಸರು ಕಲಿಯಲು ಯಾರಿಗೂ ಪುರುಸೊತ್ತಿಲ್ಲ. ನೋಡಿ, ಸಂಪದ ಅನ್ನೋ ಹೆಸರು ಇದೆ, ಕನ್ನಡದಲ್ಲಿ ಹಳೇ ಸೈಟು. ಹೇಳಿದ ಹಾಗೇ ಬರೆಯಬಹುದು, ಬರೆದ ಹಾಗೇ ಓದಬಹುದು. ಕಣಜ ಕೂಡ ಚೆನ್ನಾಗಿದೆ. ಅದರಲ್ಲಿ ಣ ಇದ್ದರೂ ಕನಜ ಅನ್ನೋ ಬೇರೆ ಪದ ನಮಗೆ ಗೊತ್ತಿಲ್ಲ, ಹಾಗಾಗಿ ಯಾರೂ ದಾರಿ ತಪ್ಪುವುದಿಲ್ಲ.

ಇದನ್ನೆಲ್ಲ ನೋಡಿ ನಾನು ಒಂದು ಜರಡಿ ಮಾಡಿಕೊಂಡೆ. ದೀರ್ಘಾಕ್ಷರ ಇದ್ದರೆ ಅನುಮಾನ, ಎ ಒಂದೋ ಎರಡೋ ಅಂತ ಕೇಳುತ್ತಾರೆ. ಒತ್ತಕ್ಷರ ಇದ್ದರೆ ಅನುಮಾನ, ಅಪ್ಪೆಯ ಪಿ ಥರ. ತ, ಥ, ಟ ಬಂದರೆ ಎಚ್ ಹಾಕಬೇಕೋ ಬೇಡವೋ ಅನ್ನೋ ರಗಳೆ. ತುಂಗಾ ಅನ್ನೋದನ್ನೇ ಎಚ್ ಹಾಕಿ ಬರೆಯುವವರೂ ಇದ್ದಾರೆ, ಹಾಕದೆ ಬರೆಯುವವರೂ ಇದ್ದಾರೆ. ಶ, ಷ ಬಂದರೂ ಅದೇ. ವ ಬಂದರೆ ವಿ ಒಂದು ಕಡೆ, ಡಬ್ಲ್ಯು ಇನ್ನೊಂದು ಕಡೆ. ಈ ಜರಡಿ ಹಿಡಿದರೆ ಕನ್ನಡದ ಮುಕ್ಕಾಲು ಪಾಲು ಪದ ಉದುರಿಹೋಗುತ್ತದೆ, ಅದು ಗೊತ್ತು. ಉಳಿದ ಕಾಲು ಪಾಲಿನಲ್ಲೂ ಬೇಕಾದಷ್ಟು ಪದ ಇವೆ. ಮನೆ, ಕುಡಿ, ಹಸಿರು, ನಗು, ಮಿಡಿ, ಕವಲು... ಅಯ್ಯೋ ಕವಲಿನಲ್ಲಿ ವ ಬಂತು, ಬೇಡ.

ಅಂಕಿ ಹಾಕಬೇಡಿ. 4 ಅಂತ ಹೇಳಿದರೆ ಅಂಕಿಯೋ ಅಕ್ಷರವೋ ಅಂತ ಕೇಳುತ್ತಾರೆ. ಅಡ್ಡಗೆರೆಯೂ ಬೇಡ. ನಾನು ಒಮ್ಮೆ ಒಬ್ಬರಿಗೆ "ಮಧ್ಯೆ ಒಂದು ಗೆರೆ" ಅಂದೆ, ಅವರು ಕೆಳಗಿನ ಗೆರೆ ಹಾಕಿ ಕೂತಿದ್ದರು, ಅಂಡರ್‌ಸ್ಕೋರ್. ಡೊಮೈನ್ ಹೆಸರಿಗೆ ಅದು ನಡೆಯುವುದೇ ಇಲ್ಲ.

ಊರಿನ ಹೆಸರು ಸೇರಿಸುವ ಆಸೆ ಎಲ್ಲರಿಗೂ ಇರುತ್ತದೆ. ನನಗೂ ಇತ್ತು. ಶಿವಮೊಗ್ಗ ಅಂತ ಸೇರಿಸೋಣ ಅಂದುಕೊಂಡೆ. ಆಮೇಲೆ ನೆನಪಾಯಿತು, 2014ರ ನವೆಂಬರ್ 1ಕ್ಕೆ ನಮ್ಮ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತಲ್ಲ. ಬ್ಯಾಂಗಲೋರ್ ಬೆಂಗಳೂರು ಆಯಿತು, ಮೈಸೋರ್ ಮೈಸೂರು ಆಯಿತು, ಬೆಲ್ಗಾಮ್ ಬೆಳಗಾವಿ, ಗುಲ್ಬರ್ಗ ಕಲಬುರಗಿ, ಬಿಜಾಪುರ ವಿಜಯಪುರ, ಶಿಮೊಗ ಶಿವಮೊಗ್ಗ. ನಮಗೆ ಖುಷಿಯ ವಿಷಯವೇ. ಆದರೆ ಹಳೇ ಸ್ಪೆಲಿಂಗಿನಲ್ಲಿ ಡೊಮೈನ್ ತಗೊಂಡು ಲಾಡ್ಜು, ಟ್ಯಾಕ್ಸಿ, ಕಾಫಿ ಪುಡಿ ಅಂತ ವ್ಯಾಪಾರ ಮಾಡುತ್ತಿದ್ದವರನ್ನು ನೆನೆಸಿಕೊಳ್ಳಿ. ಹಳೆಯದನ್ನು ಬಿಟ್ಟರೆ ಗಿರಾಕಿ ಹೋಗುತ್ತಾರೆ, ಇಟ್ಟುಕೊಂಡರೆ ಊರಿನ ಹೆಸರೇ ತಪ್ಪಾಗಿ ಕಾಣುತ್ತದೆ. ಚಿಕ್ಕಮಗಳೂರಿನ ಕಡೆ ಹೋಂಸ್ಟೇ ಇಟ್ಟಿರುವ ಪರಿಚಯದವರೊಬ್ಬರು ಎರಡೂ ಸ್ಪೆಲಿಂಗಿನ ಡೊಮೈನ್ ಇಟ್ಟುಕೊಂಡು ವರ್ಷ ವರ್ಷ ಎರಡಕ್ಕೂ ದುಡ್ಡು ಕಟ್ಟುತ್ತಿದ್ದಾರೆ. ಹೊಸ ಸ್ಪೆಲಿಂಗಿನಲ್ಲಿ ಕೆ ಎರಡು, ಕೊನೆಗೆ ಯು, ಅದೂ ಜನಕ್ಕೆ ಬಾಯಿಗೆ ಬಂದಿಲ್ಲ ಅಂತ ಗೊಣಗುತ್ತಾರೆ.

ಮಾಲಿನ ಹೆಸರು ಸೇರಿಸುವುದೂ ಅಷ್ಟೇ. ಅಪ್ಪೆಮಿಡಿಗೆ ಜಿಐ ಟ್ಯಾಗ್ ಇದೆ, ಅಂದರೆ ಅದು ಒಂದು ಸೀಮೆಯ ಎಲ್ಲರಿಗೂ ಸೇರಿದ ಹೆಸರು. ಅದೊಂದನ್ನೇ ನೆಚ್ಚಿಕೊಂಡರೆ ಚಿಕ್ಕಿಯದು ಯಾವುದು, ರಿಪ್ಪನ್‌ಪೇಟೆಯವರದು ಯಾವುದು ಅಂತ ಗೊತ್ತಾಗುವುದು ಹೇಗೆ? ಮೇಲಾಗಿ ಚಿಕ್ಕಿ ಈ ವರ್ಷ ಹಲಸಿನಕಾಯಿ ಹಪ್ಪಳ ಬೇರೆ ಶುರು ಮಾಡಿದ್ದಾಳೆ. ಉಪ್ಪಿನಕಾಯಿ ಅಂತ ಹೆಸರಿರುವ ಸೈಟಿನಲ್ಲಿ ಹಪ್ಪಳ ಮಾರುವುದು ಚಪ್ಪಲಿ ಅಂಗಡಿಯಲ್ಲಿ ಬಳೆ ಇಟ್ಟ ಹಾಗೆ. ಇದನ್ನು ಹೇಳಿದೆ. ಅವಳು ಒಪ್ಪಲಿಲ್ಲ. "ಹಪ್ಪಳ ತಗೊಳ್ಳೋರೂ ಮೊದಲು ಮಿಡಿ ತಿಂದೇ ಬರೋದು" ಅಂದಳು. ಮಿಡಿ ಅನ್ನೋ ಪದ ಇರಲೇಬೇಕು ಅಂತ ಹಟ. ವಾದದಲ್ಲಿ ನಾನು ಸೋತೆ. ಸೋತದ್ದು ಒಳ್ಳೆಯದೇ ಆಯಿತು, ಎಂ ಐ ಡಿ ಐ ಅಂದರೆ ಜರಡಿಯಲ್ಲಿ ನಿಲ್ಲುವ ಪದ.

ಇನ್ನು ಡಾಟ್ ಆದಮೇಲೆ ಏನು ಅನ್ನೋ ಪ್ರಶ್ನೆ. ಎಲ್ಲರೂ ಡಾಟ್ ಕಾಂ ಅಂತಾರೆ. ಮೊದಲ ಡಾಟ್ ಕಾಂ ನೋಂದಣಿ ಆದದ್ದು 1985ರ ಮಾರ್ಚ್ 15ಕ್ಕೆ, ಅಮೆರಿಕದ ಸಿಂಬಾಲಿಕ್ಸ್ ಅನ್ನೋ ಕಂಪ್ಯೂಟರ್ ಕಂಪನಿಯದು. ಅವತ್ತು ಯಾವ ಹೆಸರು ಬೇಕಾದರೂ ಸಿಗುತ್ತಿತ್ತು. ಈಗ ನಾಲ್ಕೈದು ಅಕ್ಷರದ ಒಳ್ಳೆ ಪದ ಯಾವುದು ಹೊಡೆದರೂ ಯಾರೋ ಹಿಡಿದಿಟ್ಟು ಲಕ್ಷಗಟ್ಟಲೆ ಕೇಳುತ್ತಾರೆ. ಕನ್ನಡದ ಪದಗಳೂ ಜಾಸ್ತಿ ಉಳಿದಿಲ್ಲ, ಯಾಕೆಂದರೆ ನಮ್ಮ ಪದವೇ ಬೇರೆ ಯಾವುದೋ ಭಾಷೆಯಲ್ಲಿ ಇನ್ನೇನೋ ಆಗಿರುತ್ತದೆ.

ನಮ್ಮ ದೇಶದ ಡಾಟ್ ಇನ್ ಅಂದರೆ ಕೆಲವರಿಗೆ ಇನ್ನೂ ಎರಡನೇ ದರ್ಜೆ ಅನ್ನೋ ಭಾವನೆ. ನನಗೆ ಹಾಗೆ ಅನ್ನಿಸುವುದಿಲ್ಲ. 2005ರ ಜನವರಿಗೆ ಮೊದಲು ಡಾಟ್ ಇನ್ ಸಿಗುವುದೇ ಕಷ್ಟ ಇತ್ತು, ನಿಯಮ ಬಿಗಿ, ಇಡೀ ದೇಶಕ್ಕೆ ಸುಮಾರು 7000 ಹೆಸರು ಅಷ್ಟೇ ಇದ್ದವು. ನಿಯಮ ಸಡಿಲ ಮಾಡಿದ ಮೇಲೆ ಜನ ಮುಗಿಬಿದ್ದರು. ಮರುವರ್ಷ, 2006ರಲ್ಲಿ, ಬೆಂಗಳೂರಿನಲ್ಲಿ ಶುರುವಾದ ರೆಡ್‌ಬಸ್ ಡಾಟ್ ಇನ್ ಇಟ್ಟುಕೊಂಡೇ ಬೆಳೆಯಿತು, ಅದರಿಂದ ಬಸ್ಸಿನ ಟಿಕೆಟು ಮಾರಲು ಏನೂ ತೊಂದರೆ ಆಗಲಿಲ್ಲ. ಈಗ ರಿಸರ್ವ್ ಬ್ಯಾಂಕು ಕೂಡ ಎಲ್ಲಾ ಬ್ಯಾಂಕುಗಳೂ 2025ರ ಅಕ್ಟೋಬರ್ 31ರ ಒಳಗೆ ಡಾಟ್ ಬ್ಯಾಂಕ್ ಡಾಟ್ ಇನ್‌ಗೆ ಹೋಗಬೇಕು ಅಂತ ಹೇಳಿತು, ಮೋಸದ ಸೈಟುಗಳನ್ನು ಜನ ಗುರುತು ಹಿಡಿಯಲಿ ಅಂತ. ಬ್ಯಾಂಕಿಗೆ ನಡೆದದ್ದು ಉಪ್ಪಿನಕಾಯಿಗೆ ನಡೆಯಲ್ವಾ?

ಡಾಟ್ ಐಓ, ಡಾಟ್ ಎಐ, ಡಾಟ್ ಟಿವಿ ಇವೆಲ್ಲ ಸ್ಟೈಲಿಗೆ ಚೆನ್ನಾಗಿವೆ. ಆದರೆ ಇವು ಯಾವುದೋ ದೇಶಕ್ಕೋ ದ್ವೀಪಕ್ಕೋ ಕೊಟ್ಟ ಗುರುತು. ಎಐ ಅಂದರೆ ಆಂಗ್ವಿಲಾ ಅನ್ನೋ ಪುಟ್ಟ ದ್ವೀಪ, ಟಿವಿ ಅಂದರೆ ತುವಾಲು. ಅಲ್ಲಿಯವರ ಮಾತೇ ಕೊನೇ ಮಾತು. 2010ರಲ್ಲಿ ಲಿಬಿಯಾದವರು ಡಾಟ್ ಎಲ್‌ವೈ ವಿಳಾಸವೊಂದನ್ನು, ನಮ್ಮ ಕಾನೂನಿಗೆ ಹೊಂದುವುದಿಲ್ಲ ಅಂತ ಕಿತ್ತುಕೊಂಡೇ ಬಿಟ್ಟರು. ಪುಕ್ಕಟೆ ಸಿಗುವುದರ ಸಹವಾಸವಂತೂ ಬೇಡವೇ ಬೇಡ. ಕಾಲೇಜಿನಲ್ಲಿದ್ದಾಗ ನಾನೂ ಒಂದು ಪುಕ್ಕಟೆ ಡೊಮೈನ್ ತಗೊಂಡು ಕವಿತೆ ಹಾಕುತ್ತಿದ್ದೆ. ಒಂದು ದಿನ ಬೆಳಿಗ್ಗೆ ನೋಡಿದರೆ ಕವಿತೆ ಇದ್ದ ಜಾಗದಲ್ಲಿ ಜೂಜಿನ ಜಾಹೀರಾತು. ಕವಿತೆ ಹೋದದ್ದಕ್ಕೆ ಸಾಹಿತ್ಯಕ್ಕೇನೂ ನಷ್ಟ ಆಗಿಲ್ಲ, ಆ ಮಾತು ಬೇರೆ.

ಇಲ್ಲಿ ಓದುತ್ತಿರುವ ಕೆಲವರು ಆಗಲೇ ಮನಸ್ಸಿನಲ್ಲಿ ಕೇಳುತ್ತಿರಬಹುದು. ಇಷ್ಟೆಲ್ಲ ಒದ್ದಾಟ ಯಾಕೆ, ಹೆಸರನ್ನು ಕನ್ನಡದಲ್ಲೇ ಇಡಬಹುದಲ್ಲ? ಇಡಬಹುದು. ಡಾಟ್ ಭಾರತ ಅನ್ನೋದು ಕನ್ನಡ ಲಿಪಿಯಲ್ಲೂ ಇದೆ, ಡಾಟ್‌ಗೆ ಮೊದಲೂ ಕನ್ನಡ, ಆಮೇಲೂ ಕನ್ನಡ. ಹಾಲು ಹಾಲಾಗಿಯೇ ಇರುತ್ತದೆ, ಹಾಳು ಹಾಳಾಗಿಯೇ. ನನ್ನ ಮೇಲಿನ ಅರ್ಧ ರಗಳೆ ಒಂದೇ ಏಟಿಗೆ ಮಾಯ. ನನಗೆ ಇದರ ಮೇಲೆ ತುಂಬಾ ಆಸೆ ಇತ್ತು.

ಚಿಕ್ಕಿಗೆ ತೋರಿಸಲು ಬೇರೆಯವರ ಒಂದು ಕನ್ನಡ ವಿಳಾಸವನ್ನು ಬ್ರೌಸರಿನಿಂದ ಕಾಪಿ ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆ. ಅಲ್ಲಿ ಬಂದದ್ದು ಎಕ್ಸ್, ಎನ್, ಎರಡು ಅಡ್ಡಗೆರೆ, ಆಮೇಲೆ ಬೆಕ್ಕು ಕೀಬೋರ್ಡ್ ಮೇಲೆ ನಡೆದ ಹಾಗೆ ಒಂದಷ್ಟು ಅಕ್ಷರ ಅಂಕಿ. ಇದಕ್ಕೆ ಕಾರಣ ಇದೆ. ಡೊಮೈನ್ ವ್ಯವಸ್ಥೆಯ ಒಳಗೆ ಇವತ್ತಿಗೂ ಓಡುವುದು ಆ 26 ಅಕ್ಷರ, ಅಂಕಿ, ಅಡ್ಡಗೆರೆಗಳೇ. ಕನ್ನಡದ ಹೆಸರನ್ನು ಪ್ಯೂನಿಕೋಡ್ ಅನ್ನೋ ಲೆಕ್ಕದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಿ ಇಟ್ಟಿರುತ್ತಾರೆ, 2003ರಲ್ಲಿ ಗೊತ್ತು ಮಾಡಿದ ಪದ್ಧತಿ. ಬ್ರೌಸರ್ ಅದನ್ನು ಮತ್ತೆ ಕನ್ನಡ ಮಾಡಿ ನಮಗೆ ತೋರಿಸುತ್ತದೆ. ಕೆಲವು ಕಡೆ ತೋರಿಸುತ್ತದೆ, ಕೆಲವು ಕಡೆ ಇಲ್ಲ. ಚಿಕ್ಕಿ ನೋಡಿ, "ಇದೆಂತದು, ವೈರಸ್ಸಾ?" ಅಂದಳು. ಗಿರಾಕಿಗಳೂ ಹಾಗೇ ಅಂದುಕೊಳ್ಳುತ್ತಾರೆ. ಕನ್ನಡದ ವಿಳಾಸದ ಇಮೇಲನ್ನು ಎಷ್ಟೋ ಫಾರಂಗಳು ತಪ್ಪು ಅಂತ ಹಿಂದೆ ತಳ್ಳುತ್ತವೆ. ಫೋನಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಳ್ಳದ ಕನ್ನಡಿಗರು ಬೇರೆ ಬೇಕಾದಷ್ಟು ಜನ. ಇನ್ನೊಂದು ಸಣ್ಣ ಕೀಟಲೆ: ಕನ್ನಡದ ಅಂಕಿ ಸೊನ್ನೆಯೂ ಅಂ ಬರೆಯುವಾಗ ಹಾಕುವ ಸೊನ್ನೆಯೂ ಕಣ್ಣಿಗೆ ಹೆಚ್ಚು ಕಡಿಮೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಇಷ್ಟಾದರೂ ನಾನು ಕನ್ನಡದ ಹೆಸರು ಬೇಡ ಅನ್ನುವುದಿಲ್ಲ. ದುಡ್ಡಿದ್ದರೆ ಅದನ್ನೂ ತಗೊಂಡು, ಹೊಡೆದವರು ಇಂಗ್ಲಿಷ್ ಅಕ್ಷರದ ಸೈಟಿಗೇ ಬರುವ ಹಾಗೆ ಮಾಡಿಡಿ. ಅದೊಂದನ್ನೇ ನಂಬಿ ಬಾಟಲಿಯ ಮೇಲೆ ಅಚ್ಚು ಹಾಕಿಸಬೇಡಿ, ಸದ್ಯಕ್ಕೆ.

ಹೆಸರು ಸಿಕ್ಕಿತು ಅಂದಮೇಲೂ ಒಂದು ದಿನ ಸುಮ್ಮನಿರಿ. ಮೊದಲು, ಹಳೇ ವೆಬ್ ಪುಟಗಳನ್ನು ಕೂಡಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಆ ವಿಳಾಸ ಹಾಕಿ ನೋಡಿ. ಖಾಲಿ ಇರುವ ಹೆಸರು ಅಂದರೆ ಯಾವಾಗಲೂ ಖಾಲಿ ಇತ್ತು ಅಂತಲ್ಲ, ಹಿಂದೆ ಅಲ್ಲಿ ಯಾರು ಏನು ಅಂಗಡಿ ಇಟ್ಟಿದ್ದರೋ. ನಾನು ಇಷ್ಟಪಟ್ಟ ಒಂದು ಹೆಸರಿನಲ್ಲಿ ಐದು ವರ್ಷದ ಹಿಂದೆ ನಕಲಿ ವಾಚು ಮಾರುತ್ತಿದ್ದರು.

ಆಮೇಲೆ ಹತ್ತಿರದ ಹೆಸರಿನವರು ಯಾರಾದರೂ ಇದ್ದಾರಾ ನೋಡಿ. ಇಲ್ಲೂ ಕಿವಿಯದ್ದೇ ಲೆಕ್ಕ. ಇದಕ್ಕೆ ನಮ್ಮ ಬೆಂಗಳೂರಿನ ಕೋರ್ಟಿನಿಂದಲೇ ಹೊರಟ ಒಂದು ಕೇಸಿದೆ. ಸತ್ಯಂ ಇನ್ಫೋವೇ ಕಂಪನಿ 1999ರಲ್ಲಿ ಸಿಫಿ ಅನ್ನೋ ಪದ ಇಟ್ಟುಕೊಂಡು ಡೊಮೈನ್‌ಗಳನ್ನು ತಗೊಂಡಿತ್ತು. 2001ರಲ್ಲಿ ಇನ್ನೊಬ್ಬರು ಎಫ್ ಒಂದು ಜಾಸ್ತಿ ಹಾಕಿ ಸಿಫಿನೆಟ್ ಅಂತ ಶುರು ಮಾಡಿದರು. ಇದು ನಮ್ಮ ಐವರು ಪಾಲುದಾರರ ಹೆಸರಿನ ಮೊದಲ ಅಕ್ಷರ ಕೂಡಿಸಿ ಮಾಡಿದ್ದು ಅಂತ ಅವರ ವಾದ. ಸಿಟಿ ಸಿವಿಲ್ ಕೋರ್ಟು ಆ ಹೆಸರು ಬಳಸಬಾರದು ಅಂತ ತಡೆ ಕೊಟ್ಟಿತು, ಹೈಕೋರ್ಟು ತೆಗೆದುಹಾಕಿತು, ಕೊನೆಗೆ 2004ರ ಮೇ 6ರಂದು ಸುಪ್ರೀಂ ಕೋರ್ಟು ತಡೆಯನ್ನು ಎತ್ತಿಹಿಡಿಯಿತು. ಡೊಮೈನ್ ಹೆಸರು ಬರೀ ವಿಳಾಸ ಅಲ್ಲ, ಟ್ರೇಡ್‌ಮಾರ್ಕಿನ ಗುಣ ಅದಕ್ಕೂ ಇದೆ ಅಂತ ನಮ್ಮ ದೇಶದಲ್ಲಿ ಗಟ್ಟಿಯಾದದ್ದು ಆ ತೀರ್ಪಿನಿಂದ. ಎಫ್ ಒಂದಿರಲಿ ಎರಡಿರಲಿ, ಕಿವಿಗೆ ಬೀಳುವುದು ಒಂದೇ ಸದ್ದು ತಾನೇ. ಜೊಮ್ಯಾಟೊ ಕೂಡ 2008ರಲ್ಲಿ ಶುರುವಾದಾಗ ಫುಡೀಬೇ ಆಗಿತ್ತು. ಆ ಹೆಸರಿನ ಬಾಲದಲ್ಲಿ ಈಬೇ ಅನ್ನೋ ನಾಲ್ಕಕ್ಷರ ಕೂತಿತ್ತು. ರಗಳೆ ಬರುವ ಮೊದಲೇ 2010ರಲ್ಲಿ ಹೆಸರು ಬದಲಿಸಿದರು. ಪಕ್ಕದೂರಿನ ಪ್ರಸಿದ್ಧ ಉಪ್ಪಿನಕಾಯಿಯವರ ಹೆಸರಿಗೆ ಒಂದಕ್ಷರ ಸೇರಿಸಿ ಇಟ್ಟರೆ ಗಿರಾಕಿ ಬರುತ್ತಾರೆ ಅನ್ನೋ ಐಡಿಯಾ ನಮ್ಮ ಮಾವನೊಬ್ಬ ಕೊಟ್ಟಿದ್ದ, ಅವನಿಗೆ ಈ ಎರಡೂ ಕತೆ ಹೇಳಿ ಕೂರಿಸಿದೆ.

ಕೊಳ್ಳುವಾಗ ಒಂದು ಮಾತು, ಇದು ಹೊಟ್ಟೆಯುರಿಯಿಂದ ಹೇಳುತ್ತಿರೋದು. ಡೊಮೈನ್ ನಿಮ್ಮ ಹೆಸರಿನಲ್ಲೇ ಇರಲಿ, ನಿಮ್ಮ ಇಮೇಲಿಗೇ ಇರಲಿ. ಅದೇ ಮಾವ ಹೋಂಸ್ಟೇಗೆ ಸೈಟ್ ಮಾಡಿಸಿದಾಗ ಮಾಡಿಕೊಟ್ಟವರು ಡೊಮೈನನ್ನು ತಮ್ಮ ಹೆಸರಿಗೆ ತಗೊಂಡಿದ್ದರು. ಎರಡು ವರ್ಷ ಆದಮೇಲೆ ಇವರಿಗೆ ಅವರ ಕೆಲಸ ಇಷ್ಟ ಆಗಲಿಲ್ಲ, ಬೇರೆಯವರ ಹತ್ತಿರ ಹೋಗುತ್ತೇವೆ ಅಂದರು. ಹೆಸರು ಬೇಕಾದರೆ 25 ಸಾವಿರ ಕೊಡಿ ಅಂತ ಉತ್ತರ ಬಂತು. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನ ವಸ್ತು ಅದು. ಮಾವ ಕೊಟ್ಟ. ಬೋರ್ಡು, ಕಾರ್ಡು, ಗೂಗಲ್ ಮ್ಯಾಪು ಎಲ್ಲಾ ಕಡೆ ಅದೇ ಹೆಸರಿತ್ತು, ಕೊಡದೆ ಏನು ಮಾಡುತ್ತಾನೆ. ಮೊದಲ ವರ್ಷ 99 ರೂಪಾಯಿ ಅಂತ ಆಸೆ ತೋರಿಸಿದರೆ ಎರಡನೇ ವರ್ಷದ ದರ ಎಷ್ಟು ಅಂತ ಅಲ್ಲೇ ಕೆಳಗೆ ಸಣ್ಣಕ್ಷರದಲ್ಲಿರುತ್ತದೆ, ಓದಿ.

ಮತ್ತೆ ನೆನಪಿಟ್ಟು ದುಡ್ಡು ಕಟ್ಟಿ. ಡೊಮೈನ್ ಕೊಳ್ಳುತ್ತೇವೆ ಅಂತ ಬಾಯಿಮಾತಿಗೆ ಅಂತೇವೆ, ನಿಜಕ್ಕೂ ಅದು ಬಾಡಿಗೆ. ಡಾಟ್ ಕಾಂ ಆದರೆ ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ ಹಿಡಿಯಬಹುದು. ಅವಧಿ ಮುಗಿದ ಮೇಲೆ ಹೆಸರು ಕೊಟ್ಟ ಕಂಪನಿಯವರು ಸ್ವಲ್ಪ ದಿನ ಕಾಯುತ್ತಾರೆ, ಹೆಚ್ಚೆಂದರೆ 45 ದಿನ, ಆಮೇಲೆ 30 ದಿನ ಭಾರೀ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು, ಆಮೇಲೆ 5 ದಿನ ಬಿಟ್ಟು ಹೆಸರು ಬೀದಿಗೆ ಬೀಳುತ್ತದೆ. ಕಾದು ಕೂತವರ ಕಂಪ್ಯೂಟರುಗಳು ಕ್ಷಣದಲ್ಲಿ ಎತ್ತಿಕೊಂಡು ಹೋಗುತ್ತವೆ. ಮರೆಯುವುದು ನಾವು ಮಾತ್ರ ಅಂದುಕೊಳ್ಳಬೇಡಿ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟಿನವರು ತಮ್ಮ ಪಾಸ್‌ಪೋರ್ಟ್ ಡಾಟ್ ಕಾಂ ಹೆಸರಿಗೆ ದುಡ್ಡು ಕಟ್ಟಲು ಮರೆತು, ಜನಕ್ಕೆ ಹಾಟ್‌ಮೇಲ್ ಒಳಗೆ ಹೋಗಲು ಆಗದೆ, ಕೊನೆಗೆ ಮೈಕೆಲ್ ಚೇನಿ ಅನ್ನೋ, ಅವರ ವಿಂಡೋಸ್‌ಗೆ ಎದುರಾಳಿಯಾದ ಲಿನಕ್ಸಿನ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿದ ಮೇಲೆ ಸರಿಹೋಯಿತು. ಲಿನಕ್ಸಿನವನೇ ಆಗಬೇಕಿತ್ತಾ!

ಚಿಕ್ಕಿಯ ಡೊಮೈನನ್ನು 5 ವರ್ಷಕ್ಕೆ ಹಿಡಿದಿದ್ದೇನೆ, ಅವಳ ಹೆಸರಿನಲ್ಲೇ. ಎರಡು ಪದ, ಎಂಟಕ್ಷರ, ಮೊದಲ ಪದ ಮಿಡಿ, ಕೊನೆಗೆ ಡಾಟ್ ಇನ್. ಪೂರ್ತಿ ಹೆಸರು ಇಲ್ಲಿ ಬರೆಯುವ ಹಾಗಿಲ್ಲ. ಈ ಸಲದ ಮಿಡಿ ಉಪ್ಪಿಗೆ ಬಿದ್ದು ಬಾಟಲಿಗೆ ಬರುವ ತನಕ ಯಾರಿಗೂ ಹೇಳಬೇಡ, ದೃಷ್ಟಿಯಾಗುತ್ತದೆ ಅಂತ ಆಣೆ ಹಾಕಿಸಿಕೊಂಡಿದ್ದಾಳೆ. ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಮತ್ತೆ ವಾಯ್ಸ್ ಮೆಸೇಜ್ ಹಾಕಿ ಪರೀಕ್ಷೆ ಮಾಡಿದೆ. 11 ಜನರಲ್ಲಿ 10 ಜನ ಒಂದೇ ಥರ ಬರೆದರು. ಹನ್ನೊಂದನೆಯವನು ಆ ಭಾವ, ಮತ್ತೆ ಕೊನೆಗೊಂದು ಇ.

ಹೋದ ವಾರ ಲೇಬಲ್ ಅಚ್ಚು ಹಾಕಿಸಲು ಸಾಗರದ ಪ್ರೆಸ್ಸಿನವನಿಗೆ ಚಿಕ್ಕಿಯೇ ಫೋನ್ ಮಾಡಿದಳು. ಬಾವಿಕಟ್ಟೆ ಹತ್ತಿರ ನಿಂತು, ಒಂದೂವರೆ ಗೆರೆ ಸಿಗ್ನಲ್ಲಿನಲ್ಲಿ, "ಎಂ ಅಂದ್ರೆ ಮಾವಿನಕಾಯಿ, ಡಿ ಅಂದ್ರೆ ಡಬ್ಬಿ" ಅಂತ ಒಂದು ಸಲ ಹೇಳಿ ಮುಗಿಸಿದಳು. ಆ ಕಡೆಯವನು ಅಭ್ಯಾಸಬಲಕ್ಕೆ, ಡಿ ಒಂದಾ ಎರಡಾ ಅಮ್ಮಾ ಅಂತ ಕೇಳಿರಬೇಕು.

"ಒಂದೇ. ಹೇಳಿದಷ್ಟೇ ಬರಿ ಮಾರಾಯ" ಅಂದು ಫೋನ್ ಇಟ್ಟಳು.